ಹುಣಸೀಕೊಪ್ಪದ ಚಾವಡಿ ಸುಟ್ಟವರು

ಚಾವಡಿಯ ಬೀಗ ಮುರಿದಿರಲಿಲ್ಲ. ಯಾರೋ ಕೀಲಿಕೈ ಹಾಕಿ ತೆಗೆದಿದ್ದರು.

ಪೊಲೀಸ್ ಫೌಜದಾರ ಮಾರೆಪ್ಪ ಬೂದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಆ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಂಕಿಗೆ ಕಪ್ಪಾಗಿತ್ತು. ಆದರೆ ಕೊಂಡಿ ನೆಟ್ಟಗಿತ್ತು. ಕಲ್ಲಿನ ಪೆಟ್ಟಿಲ್ಲ, ಹಾರೆಯ ಗುರುತಿಲ್ಲ. ಹೊರಗೆ ಊರ ಮಂದಿ ನಿಂತಿದ್ದರು. ಅವರ ಮುಂದೆ ಊರಿನ ಪೊಲೀಸ್ ಪಾಟೀಲ ದ್ಯಾಮನಗೌಡ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಫೌಜದಾರನಿಗೆ ಕುರ್ಚಿ ಇರಲಿಲ್ಲ. ನೆಲಕ್ಕೆ ಒಂದು ಗೋಣಿತಟ್ಟು ಹಾಸಿದ್ದರು. ಮಾರೆಪ್ಪ ಅದರ ಮೇಲೆ ಕೂಡಲಿಲ್ಲ.

"ಏನ್ ಹುಡಕತೀಯೋ ಮಾರ್ಯಾ?" ಎಂದ ದ್ಯಾಮನಗೌಡ. "ಸುಟ್ಟವರು ಬೂದ್ಯಾಗ ಕುಂತಾರೇನು? ನಿಮ್ಮ ಕೇರ್ಯಾಗ ಅದಾರ. ಹೋಗಿ ಹಿಡಿ."

ಬೇರೆ ಊರಿನ ಪಾಟೀಲರು ಮಾರೆಪ್ಪನನ್ನು ಬೆನ್ನ ಹಿಂದೆ ಮಾರ್ಯಾ ಅನ್ನುತ್ತಿದ್ದರು. ದ್ಯಾಮನಗೌಡ ಮುಖಕ್ಕೇ ಅನ್ನುತ್ತಿದ್ದ.

ಅದು ಸಾವಿರದ ಒಂಬೈನೂರಾ ನಲವತ್ತೆರಡನೇ ಇಸವಿಯ ಸೆಪ್ಟೆಂಬರ್. ದೇಶದ ತುಂಬ ಚಳವಳಿ ಎದ್ದಿತ್ತು. ಎಲ್ಲೆಲ್ಲೋ ಟಪಾಲು ಕಚೇರಿ ಸುಡುತ್ತಿದ್ದರು, ತಂತಿ ಕಡಿಯುತ್ತಿದ್ದರು. ಹಾನಗಲ್ ಸೀಮೆಯ ಒಂದು ಹಳ್ಳಿಯಲ್ಲಿ ಚಾವಡಿಯೊಂದು ಸುಟ್ಟರೆ ಯಾರಿಗೂ ಆಶ್ಚರ್ಯವಿರಲಿಲ್ಲ. ಯಾರೂ ಬೀಗ ನೋಡುತ್ತಿರಲಿಲ್ಲ. ಮಾರೆಪ್ಪ ನೋಡಿದ. ಅದೇ ಅವನು ಮಾಡಿದ ಗುನ್ಹೆ.

ಅವನು ಹೊಲೆಯರವನು. ಊರು ಹಿರೇಬೆಂಡಿಗೇರಿ. ಅಪ್ಪ ಸತ್ತ ದನ ಎಳೆದು ಸತ್ತವನು. ಮಾರೆಪ್ಪ ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಮಹಾಯುದ್ಧಕ್ಕೆ ಹೋದ, ಬಸರಾದ ಮರಳಲ್ಲಿ ಗಾಯಾಳುಗಳನ್ನು ಹೊತ್ತ. ಯುದ್ಧ ಮುಗಿಯಿತು, ಅವನ ಪಲ್ಟಣವನ್ನೂ ಮುರಿದು ಹಾಕಿದರು. ಊರಿಗೆ ಬಂದು ಹತ್ತು ವರ್ಷ ಅಪ್ಪನಂತೆ ತಾನೂ ದನ ಎಳೆದ. ಪೊಲೀಸ್ ಕೆಲಸಕ್ಕೆ ಅವನ ಜಾತಿಯವರನ್ನು ತೆಗೆದುಕೊಳ್ಳಬಹುದು ಎಂದು ಹುಕುಂ ಆದಾಗ ಮೊದಲು ಹೋಗಿ ಸಾಲಿನಲ್ಲಿ ನಿಂತವನು ಅವನೇ. ಶಿಪಾಯಿಯಾದ, ಜಮಾದಾರನಾದ. ಹೋದ ವರ್ಷ ಮಂದಿಯ ಕೊರತೆ ಬಿದ್ದು ಫೌಜದಾರನನ್ನು ಮಾಡಿದರು. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಮೂರೂ ಕಡೆ ಹುಡುಕಿದರೂ ಅವನ ಜಾತಿಯ ಇನ್ನೊಬ್ಬ ಫೌಜದಾರ ಇರಲಿಲ್ಲ. ಕೈಕೆಳಗಿನ ಶಿಪಾಯಿಗಳು ಅವನಿಗೆ ಸಲಾಮು ಹೊಡೆಯುತ್ತಿದ್ದರು. ಅವನ ಕೊಡದ ನೀರು ಕುಡಿಯುತ್ತಿರಲಿಲ್ಲ.

ಒಳ್ಳೆಯವನಾಗಿಯೇ ಇದ್ದನೆಂದಲ್ಲ. ಶಿಪಾಯಿಯಾದ ಹೊಸದರಲ್ಲಿ ಹಿರೇಕೆರೂರಿನ ಕಡೆ ಕಂದಾಯ ಕೊಡೆವು ಎಂದು ಕುಳಿತ ರೈತರ ಬೆನ್ನಿಗೆ ಲಾಠಿ ಬೀಸಿದ್ದ. ಹೊಟ್ಟೆಗಾಗಿ ಬೀಸಿದ್ದ. ಅದು ಅವನಿಗೆ ನೆನಪಿತ್ತು.

ಹುಣಸೀಕೊಪ್ಪದ ಕೇರಿಯವರಿಗೆ ಊರ ಚಾಕರಿಯ ಬದಲಿಗೆ ಹಿಂದೆಂದೋ ಬಿಟ್ಟ ಹನ್ನೊಂದು ಎಕರೆ ಇನಾಮು ಹೊಲವಿತ್ತು. ಕೆರೆಯ ಕೆಳಗಿನ ಭತ್ತದ ನೆಲ. ಗೌಡನ ಅಪ್ಪ ಅದನ್ನು ಒಳಗೆ ಹಾಕಿಕೊಂಡಿದ್ದ. ಕೇರಿಯವರು ಚಾಕರಿ ಮಾತ್ರ ಮಾಡುತ್ತ ಬಂದರು. ಈಗ ಲಕ್ಷ್ಮಪ್ಪ ಎಂಬವನು, ಅಕ್ಕಿಆಲೂರಿನ ಗಿರಣಿಯಲ್ಲಿ ಮೂಟೆ ಹೊರುವವನು, ಹೊಲ ತಿರುಗಿ ಕೊಡಿಸಿರೆಂದು ಮಾಮಲೇದಾರರಿಗೆ ಅರ್ಜಿ ಹಾಕಿದ್ದ. ಸೋಮವಾರ ಮಾಮಲೇದಾರರು ಬಂದು ಚಾವಡಿಯ ದಫ್ತರು ನೋಡುವವರಿದ್ದರು. ಶುಕ್ರವಾರ ಚಾವಡಿ ಸುಟ್ಟಿತು.

ಮಾರೆಪ್ಪ ಎದ್ದು ಗೌಡನ ಮುಂದೆ ಬಂದು ನಿಂತ.

"ಈ ಬೀಗದ ಕೀಲಿಕೈ ಯಾರ ಹತ್ರ ಇರತಿತ್ರಿ?"

"ನನ್ನ ಹತ್ರ. ಪಾಟೀಲ ಯಾರು, ನಾನೋ ನೀನೋ?"

"ಈಗ ಎಲ್ಲೈತ್ರಿ?"

ಗೌಡ ಎಲೆ ಅಡಿಕೆ ಉಗುಳಿದ. "ಕಳದೈತಿ," ಎಂದ.

ಮಾರೆಪ್ಪ ಕೇರಿಗೆ ಹೋದ. ಗಂಡಸರು ಆಗಲೇ ಮುಖ ಬಾಡಿಸಿಕೊಂಡು ಕುಳಿತಿದ್ದರು. ಲಕ್ಷ್ಮಪ್ಪನ ಹೆಂಡತಿ ಶೇಖವ್ವ ಅವನನ್ನು ಗೋಡೆಯ ಮರೆಗೆ ಕರೆದಳು. ಕೈ ಸಗಣಿಯಾಗಿತ್ತು, ತೊಳೆದಿರಲಿಲ್ಲ.

"ನಾನು ನಸುಕಿನ್ಯಾಗ ಗೌಡರ ವಾಡೇದ ಸಗಣಿ ಬಾಚಾಕ ಹೋಗಿದ್ನಿರಿ. ಗೌಡರ ತಮ್ಮನ ಮಗ ಪರ್ವತಗೌಡ ಚಾವಡ್ಯಾಗಿಂದ ಬಂದೂಕು, ಗಡಿಯಾರ ಹೊತಗೊಂಡು ಬಂದ. ಹೊಗಿ ಎದ್ದದ್ದು ಆಮ್ಯಾಲೆ."

"ಕಣ್ಣಾರೆ ನೋಡೀಯೇನವಾ?"

"ನೋಡೇನ್ರಿ. ನಾವು ಚಾವಡಿ ಕಟ್ಟೀನ ಹತ್ತಿದವರಲ್ರಿ. ಯಾವ ಗಂಟಿನ್ಯಾಗ ಯಾವ ಕಾಗದ ಐತಿ ನಮಗೇನ್ ಗೊತ್ತು, ಸುಡಾಕ?"

"ಇದನ್ನ ದೊಡ್ಡ ಸಾಹೇಬರ ಮುಂದ ಹೇಳತೀಯೇನು?"

ಅವಳು ಅವನ ಮುಖವನ್ನೇ ನೋಡಿದಳು. "ಹೇಳಿದ್ರ ನಮ್ಮನ್ನ ಉಳಸ್ತೀರೇನ್ರಿ?"

ಮಾರೆಪ್ಪ, "ಉಳಸ್ತೇನಿ," ಎಂದ.

*

ಮೂರನೇ ದಿನ ಜಿಲ್ಲೆಯ ಪೊಲೀಸ್ ದೊಡ್ಡ ಸಾಹೇಬ ಹಾನಗಲ್ಲಿನ ಠಾಣೆಗೆ ಬಂದ. ಬಿಳಿಯ. ಮೇಜಿನ ಮೇಲೆ ಕಾಗದ ಸಿದ್ಧವಿತ್ತು. ಲಕ್ಷ್ಮಪ್ಪ, ಅವನ ತಮ್ಮ ಫಕ್ಕೀರಪ್ಪ, ಸೋದರತ್ತೆಯ ಮಗ ಗುಡ್ಡಪ್ಪ, ಈ ಮೂವರು ಸರಕಾರದ ವಿರುದ್ಧ ಬಂಡೆದ್ದು ಚಾವಡಿ ಸುಟ್ಟರು ಎಂದು ಬರೆದಿತ್ತು. ಫೌಜದಾರನ ಸಹಿಯೊಂದು ಬೇಕಾಗಿತ್ತು. ದ್ಯಾಮನಗೌಡ ಸಾಹೇಬನ ಬಲಗಡೆ ಕುಳಿತಿದ್ದ. ಯುದ್ಧಕ್ಕೆ ಸೀಮೆಯ ಹುಡುಗರನ್ನು ಭರ್ತಿ ಮಾಡಿಸಿಕೊಟ್ಟಿದ್ದಕ್ಕೆ ಅವನಿಗೆ ರಾವಸಾಹೇಬ ಎಂಬ ಪದವಿ ಬರುವುದಿತ್ತು.

ಸಾಹೇಬನ ಮಾತನ್ನು ಗುಮಾಸ್ತ ಕನ್ನಡದಲ್ಲಿ ಹೇಳಿದ. "ಸಹಿ ಯಾಕ ಮಾಡವಲ್ಲಿ ಅಂತ ಕೇಳಾಕತ್ತಾರ."

"ಬೀಗ ಕೀಲಿಕೈಲೆ ತೆಗದಾರ್ರಿ. ಕೀಲಿಕೈ ಪಾಟೀಲರ ಹತ್ರ ಇತ್ತು. ಬೆಂಕಿ ಬೀಳೂಕಿಂತ ಮೊದಲ ಬಂದೂಕು ಹೊರಗ ಬಂದೈತಿ. ನೋಡಿದ ಸಾಕ್ಷಿ ಐತ್ರಿ."

"ಯಾರು?"

"ಶೇಖವ್ವ ಅಂತ್ರಿ. ಸಗಣಿ ಬಾಚೂ ಹೆಣ್ಮಗಳು."

"ಯಾವ ಜಾತಿ?"

ಮಾರೆಪ್ಪ ಹೇಳಿದ.

"ನಿಂದು ಯಾವ ಜಾತಿ?"

ಅದು ಸಾಹೇಬನಿಗೆ ಗೊತ್ತಿತ್ತು. ಗುಮಾಸ್ತನಿಗೂ ಗೊತ್ತಿತ್ತು. ಬಾಯಿಂದ ಹೇಳಿಸಬೇಕಾಗಿತ್ತು. ಮಾರೆಪ್ಪ ಹೇಳಿದ. ಸಾಹೇಬ ಗೌಡನ ಕಡೆ ನೋಡಿದ. ಗೌಡ ತಲೆಯಾಡಿಸಿದ.

"ಸಹಿ ಮಾಡು, ಇಲ್ಲಾಂದ್ರ ಪಟ್ಟಾ ಬಿಚ್ಚು, ಅಂತಾರ," ಎಂದ ಗುಮಾಸ್ತ.

ಮಾರೆಪ್ಪ ನಿಂತೇ ಇದ್ದ. ಹನ್ನೊಂದು ವರ್ಷ ಅವನ ತಲೆಯಲ್ಲಿ ಹಾದುಹೋಯಿತು. ಹೆಂಡತಿ ಉಡಚವ್ವ ಠಾಣೆಯ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಮನೆಯೂ ಹೋಗುತ್ತದೆ. ಒಂದು ಸಹಿ. ಹತ್ತು ಅಕ್ಷರ. ಶಿಪಾಯಿಯಾಗಿದ್ದಾಗ ಇಂಥ ಎಷ್ಟೋ ಕಾಗದಕ್ಕೆ ಸಾಕ್ಷಿ ನಿಂತಿದ್ದ. ಈ ಸಲ ಕೈ ಪೆನ್ನಿನ ಕಡೆ ಹೋಗಲಿಲ್ಲ. ಸೊಂಟದ ಕಡೆ ಹೋಯಿತು. ಪಟ್ಟಾ ತಾನೇ ಬಿಚ್ಚಿ ಮೇಜಿನ ಮೇಲಿಟ್ಟ. ರುಮಾಲು ತೆಗೆದಿಟ್ಟ. ಸೀಟಿ ಇಟ್ಟ.

"ಬೂಟೂ ಸರಕಾರದ್ದೈತಿ," ಎಂದ ದ್ಯಾಮನಗೌಡ.

ಅಂಗಳದಲ್ಲಿ ನಿಲ್ಲಿಸಿ ಬೂಟು ಬಿಚ್ಚಿಸಿದರು. ಶಿಪಾಯಿಗಳು ಸಾಲಾಗಿ ನಿಂತು ನೋಡಿದರು. ಜಮಾದಾರ ಬಂದೇಸಾಬನೊಬ್ಬನೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಮಾರೆಪ್ಪ ಬಾಗಿ ದಾರ ಬಿಚ್ಚುವಾಗ ಮೇಲಿನಿಂದ ಯಾರೋ ನಕ್ಕರು. ಯಾರೆಂದು ನೋಡಲು ಅವನು ತಲೆಯೆತ್ತಲಿಲ್ಲ.

ಮಟಮಟ ಮಧ್ಯಾಹ್ನ. ಪೇಟೆಯ ನಡುವೆ ಬರಿಗಾಲಲ್ಲಿ ನಡೆದ. ವರ್ಷಗಟ್ಟಲೆ ಬೂಟಿನೊಳಗೆ ಇದ್ದ ಕಾಲು ಮೆತ್ತಗಾಗಿತ್ತು. ಕಲ್ಲು ಚುಚ್ಚಿತು, ಮಣ್ಣು ಸುಟ್ಟಿತು. ಅಂಗಡಿಯ ಕಟ್ಟೆಗಳಲ್ಲಿ ಮಾತು ನಿಂತಿತು. ಮೊನ್ನೆಯವರೆಗೆ ಎದ್ದು ನಿಲ್ಲುತ್ತಿದ್ದವರು ಕುಳಿತೇ ನೋಡಿದರು. ಅವರ ಮುಖದಲ್ಲಿ ಇದ್ದದ್ದು ಸಮಾಧಾನ. ಬಹಳ ದಿನದಿಂದ ತಪ್ಪಾಗಿದ್ದುದು ಸರಿಹೋಯಿತೆಂಬ ಸಮಾಧಾನ.

ವಜಾದ ಹುಕುಮು ಆಮೇಲೆ ಬಂತು. ಜಾತಿಯವರ ಪಕ್ಷ ಹಿಡಿದು ಬಂಡುಕೋರರಿಗೆ ಆಶ್ರಯ ಕೊಟ್ಟ ಕಾರಣ, ಎಂದಿತ್ತು.

ಸಹಿ ಮಾಡಲು ಬೇರೆ ಫೌಜದಾರ ಬಂದ. ಅದೇ ವಾರ ಮೂವರನ್ನೂ ಹಿಡಿದರು. ಫಕ್ಕೀರಪ್ಪನ ಎಡಗಿವಿಗೆ ಹೊಡೆದ ಪೆಟ್ಟಿಗೆ ರಕ್ತ ಬಂದು, ಆ ಕಿವಿ ಮತ್ತೆ ಕೇಳಲಿಲ್ಲ. ಶೇಖವ್ವ ಕೋರ್ಟಿನ ಬಾಗಿಲಿಗೆ ಎರಡು ಸಲ ಹೋದಳು. ಅವಳ ಸಾಕ್ಷಿ ತೆಗೆದುಕೊಳ್ಳಲಿಲ್ಲ. ಮೂವರಿಗೂ ನಾಲ್ಕು ವರ್ಷ ಸಜೆಯಾಯಿತು.

*

ಮಾರೆಪ್ಪ ಹಿರೇಬೆಂಡಿಗೇರಿಗೆ ತಿರುಗಿ ಬಂದ ಮೊದಲ ವಾರವೇ ಊರಿನವರೊಬ್ಬರ ಎತ್ತು ಸತ್ತಿತು. ಕೇರಿಯ ಬಾಯಿಗೆ ಆಳು ಬಂದು ನಿಂತ.

"ಮಾರ್ಯಾಗ ಬರಾಕ ಹೇಳ್ಯಾರ. ಈಗೇನು ಕಾಲಾಗ ಬೂಟಿಲ್ಲಲ್ಲ."

"ನಾ ಎಳಿಯೂದಿಲ್ಲ ಅಂತ ಹೇಳು," ಎಂದ ಮಾರೆಪ್ಪ.

"ಮತ್ತ ಯಾರು ಎಳೀಬೇಕು?"

"ಯಾರದು ಎತ್ತು ಅವರು."

ಮರುದಿನದಿಂದ ಉಡಚವ್ವನಿಗೆ ಊರಿನ ಯಾವ ಹೊಲದಲ್ಲೂ ಕೂಲಿಯಿಲ್ಲವಾಯಿತು. ಗಂಡಹೆಂಡಿರಿಬ್ಬರೂ ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ರಸ್ತೆಗೆ ಜಲ್ಲಿ ಒಡೆಯಲು ಹೋದರು. ಮಾರೆಪ್ಪನಿಗೆ ಆಗ ನಲವತ್ತನಾಲ್ಕು. ಸುತ್ತಿಗೆ ಹಿಡಿದ ಕೈ ಮೊದಲ ದಿನ ಬೊಬ್ಬೆ ಎದ್ದಿತು, ಎರಡನೇ ದಿನ ಒಡೆಯಿತು, ಹತ್ತನೇ ದಿನ ತೊಗಲಾಯಿತು. ಕಲ್ಲಿನ ಪುಡಿ ಕಣ್ಣಿಗೆ ಹೋಗುತ್ತಿತ್ತು. ಸಂಜೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ, ಉಡಚವ್ವ ಮೊಣಕೈಯಿಂದ ಒತ್ತಿ ಎಬ್ಬಿಸುತ್ತಿದ್ದಳು. ಚಕ್ಕಡಿಯಲ್ಲಿ ಹೋಗುವವರು ನಿಲ್ಲಿಸಿ, "ಫೌಜದಾರ್ರ, ಕಲ್ಲು ಏನ್ ಗುನ್ಹೆ ಮಾಡೈತ್ರಿ?" ಎನ್ನುತ್ತಿದ್ದರು. ಅವನು ಉತ್ತರ ಕೊಡುತ್ತಿರಲಿಲ್ಲ. ಉಡಚವ್ವ ಕೊಡುತ್ತಿದ್ದಳು. ಅದನ್ನು ಇಲ್ಲಿ ಬರೆಯಲಾಗದು.

ಕೆಲಸವಿಲ್ಲದ ದಿನ ಮಾರೆಪ್ಪ ಸವಣೂರಿಗೆ ನಡೆಯುತ್ತಿದ್ದ. ಅಲ್ಲಿ ಬೇವಿನ ಮರದ ಕೆಳಗೆ ಮಕ್ತುಮಸಾಬ ಎಂಬ ಅರ್ಜಿ ಬರೆಯುವ ಮುದುಕ ಚಾಪೆ ಹಾಸಿ ಕುಳಿತಿರುತ್ತಿದ್ದ. ತಾನು ಕುಡಿಯುವ ಬಟ್ಟಲಲ್ಲೇ ಮಾರೆಪ್ಪನಿಗೆ ಚಹಾ ಕೊಡುತ್ತಿದ್ದ. ಇಬ್ಬರೂ ಕೂಡಿ ವಜಾದ ವಿರುದ್ಧ ಅಪೀಲು ಬರೆದರು. ಅದು ತಿರಸ್ಕಾರವಾಗಿ ಬಂತು. ಅದರ ಮೇಲಿನವರಿಗೆ ಬರೆದರು. ಅಲ್ಲಿಂದಲೂ ಬಂತು. ಮೂರನೆಯದಕ್ಕೆ ಉತ್ತರವೇ ಬರಲಿಲ್ಲ.

"ಅರ್ಜಿ ತಿಂದು ಬದಕಾಕ ಬರತೈತೇನು?" ಎಂದಳು ಉಡಚವ್ವ ಒಂದು ದಿನ. "ಬಿಟ್ಟುಬಿಡ್ರಿ."

"ಬಿಟ್ರ ಅವರು ಬರದದ್ದು ಖರೇ ಆಗತೈತಿ."

"ಬಿಡದಿದ್ರ ಏನಾಗೈತಿ?"

ಮಾರೆಪ್ಪ ಸುತ್ತಿಗೆ ಎತ್ತಿಕೊಂಡ.

ನಲವತ್ತನಾಲ್ಕರ ಬೇಸಿಗೆಯಲ್ಲಿ ಲಕ್ಷ್ಮಪ್ಪ ಜೈಲಿನಲ್ಲಿ ಜ್ವರದಿಂದ ಸತ್ತ. ಹೆಣ ಕೊಡಲಿಲ್ಲ. ಎಂಟು ದಿನವಾದ ಮೇಲೆ ಹೆಂಡತಿಗೆ ತಿಳಿಸಿದರು. ಶೇಖವ್ವ ಹುಣಸೀಕೊಪ್ಪದಿಂದ ಒಂದು ಹಗಲೆಲ್ಲ ನಡೆದು, ರಾತ್ರಿ ಯಾವುದೋ ಊರಿನ ಕೇರಿಯಲ್ಲಿ ಮಲಗಿ, ಮರುದಿನ ಮುಂಜಾನೆ ಜಲ್ಲಿಯ ರಾಶಿಯ ಹತ್ತಿರ ಬಂದು ನಿಂತಳು. ಹಣೆ ಬರಿದಾಗಿತ್ತು. ಮಾರೆಪ್ಪನಿಗೆ ತಿಳಿಯಿತು. ಸುತ್ತಿಗೆ ಕೆಳಗಿಟ್ಟ.

"ಉಳಸ್ತೇನಿ ಅಂದಿದ್ರಿ," ಎಂದಳು.

ಅಷ್ಟೇ ಅಂದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ಅಲ್ಲೇ ಉಡಚವ್ವನ ಪಕ್ಕದಲ್ಲಿ ಕುಳಿತು ಬಿದ್ದಿದ್ದ ಇನ್ನೊಂದು ಸುತ್ತಿಗೆ ಎತ್ತಿಕೊಂಡು ಕಲ್ಲು ಒಡೆಯತೊಡಗಿದಳು. ಸಂಜೆಯವರೆಗೆ ಒಡೆದಳು. ಮಾರೆಪ್ಪ ಅವಳ ಕಡೆ ನೋಡದೆ ಒಡೆದ.

ಸಂಜೆ ರೊಟ್ಟಿ ಮುರಿಯುವಾಗ ಅವಳು ಕೇಳಿದಳು. "ನೀವು ಅರ್ಜಿ ಬರಿಯಾಕತ್ತೀರಂತ. ಅದರಾಗ ನಿಮ್ಮ ನೌಕರಿ ಅಷ್ಟ ಐತೋ, ನನ್ನ ಗಂಡನ ಹೆಸರೂ ಐತೋ?"

ಮಾರೆಪ್ಪ ರೊಟ್ಟಿ ಹಿಡಿದುಕೊಂಡೇ ಕುಳಿತ. ಮೂರು ಅಪೀಲಿನಲ್ಲಿ ಅವನ ಬಸರಾ ಇತ್ತು, ಅವನ ನಿಷ್ಠೆಯ ಹನ್ನೊಂದು ವರ್ಷ ಇತ್ತು, ಯುದ್ಧದಲ್ಲಿ ಅವನಿಗೆ ಸಿಕ್ಕ ಪದಕ ಇತ್ತು. ಲಕ್ಷ್ಮಪ್ಪ ಒಂದು ಕಡೆ ಇದ್ದ. ಆರೋಪಿ ನಂಬರ ಒಂದು ಎಂದು ಇದ್ದ.

ಮರುದಿನ ಸವಣೂರಿಗೆ ಹೋಗಿ, "ಹೊಸದು ಬರೀರಿ ಮಕ್ತುಮಸಾಬ್ರ," ಎಂದ. "ಲಕ್ಷ್ಮಪ್ಪನ ಹೆಸರಿನಿಂದ ಸುರು ಮಾಡ್ರಿ. ನಂದು ಕಡೀಕ ಬರ್ಲಿ."

ಮಕ್ತುಮಸಾಬ ಕನ್ನಡಕದ ಮೇಲಿನಿಂದ ನೋಡಿದ. "ಹಂಗ ಬರದ್ರ ನಿಮ್ಮ ನೌಕರಿ ಸಿಗೂದಿಲ್ರಿ."

"ಬರೀರಿ."

*

ಯುದ್ಧ ಮುಗಿಯಿತು. ನಲವತ್ತಾರರಲ್ಲಿ ಚುನಾವಣೆಯಾಗಿ ನಮ್ಮವರದೇ ಮಂತ್ರಿಮಂಡಳ ಬಂತು. ಎಲ್ಲ ಕಡೆ ಬಿಳಿ ಟೊಪ್ಪಿಗೆಗಳು ಕಾಣಿಸಿಕೊಂಡವು. ದ್ಯಾಮನಗೌಡನೂ ರಾವಸಾಹೇಬ ಪದವಿಯನ್ನು ತಿರುಗಿ ಕಳಿಸಿ ಒಂದು ಟೊಪ್ಪಿಗೆ ಹಾಕಿಕೊಂಡ. ಸಜೆ ಮುಗಿದು ಫಕ್ಕೀರಪ್ಪ, ಗುಡ್ಡಪ್ಪ ಹೊರಗೆ ಬಂದರು.

ಆ ವರ್ಷ ಅಕ್ಕಿಆಲೂರಿನಲ್ಲಿ ಚಳವಳಿಗಾರರಿಗೆ ಸನ್ಮಾನದ ಸಭೆಯಾಯಿತು. ನಿಜವಾಗಿ ಲಾಠಿ ತಿಂದವರು, ಮನೆ ಹರಾಜು ಹೋದವರು ಅಲ್ಲಿದ್ದರು. ಅವರ ನಡುವೆ ಪರ್ವತಗೌಡನೂ ಕುಳಿತಿದ್ದ. ಕೇರಿಯವರಿಗೆ ಚಕ್ಕಡಿಗಳ ಹಿಂದೆ ನಿಲ್ಲಲು ಜಾಗ ಕೊಟ್ಟಿದ್ದರು. ಮಾರೆಪ್ಪ ಅಲ್ಲಿ ನಿಂತಿದ್ದ. ಪಕ್ಕದಲ್ಲಿ ಫಕ್ಕೀರಪ್ಪ ನಿಂತಿದ್ದ. ಮಕ್ತುಮಸಾಬ ಕಾಗದ ಪೆನ್ಸಿಲು ಹಿಡಿದು ಮುಂದೆ ಎಲ್ಲೋ ಕುಳಿತಿದ್ದ.

ಪರ್ವತಗೌಡ ಎದ್ದು ನಿಂತ. ಕೊರಳ ತುಂಬ ಹಾರ. "ನಲವತ್ತೆರಡರಾಗ ಹುಣಸೀಕೊಪ್ಪದ ಚಾವಡಿಗೆ ಕೊಳ್ಳಿ ಇಟ್ಟಾಂವ ನಾನು," ಎಂದ. "ಪರದೇಶದವರ ದಫ್ತರು ನಮ್ಮ ಊರಾಗ ಇರಬಾರ್ದು ಅಂತ ಸುಟ್ನಿ."

ಚಪ್ಪಾಳೆ ಬಿದ್ದಿತು. ಬಹಳ ಹೊತ್ತು ಬಿದ್ದಿತು.

ಫಕ್ಕೀರಪ್ಪ ಬಲಗಿವಿಯನ್ನು ಮಾರೆಪ್ಪನ ಕಡೆ ತಿರುಗಿಸಿದ. "ಏನಂದನ್ರಿ ಅಂವ?"

ಮಾರೆಪ್ಪ ಗಟ್ಟಿಯಾಗಿ ಹೇಳಬೇಕಾಯಿತು. "ಚಾವಡಿ ತಾನ ಸುಟ್ನಿ ಅಂದ."

ಫಕ್ಕೀರಪ್ಪ ವೇದಿಕೆಯ ಕಡೆ ನೋಡಿದ. "ಹಂಗಾರ ನಾವೇನ್ ಸುಟ್ವಿ?" ಎಂದ.

ಮುಂದೆ ನಿಂತವರು ಹೊರಳಿ ನೋಡಿ, ಸುಮ್ಮನಿರಿ ಎಂದರು. ಮಾರೆಪ್ಪ ನಾಲ್ಕು ವರ್ಷ ಕಾದ ಸಾಕ್ಷಿ ಇದೇ ಆಗಿತ್ತು. ಅದು ಹಾರ ಹಾಕಿಕೊಂಡು ನಿಂತಿತ್ತು. ಅದಕ್ಕೆ ಊರೇ ಚಪ್ಪಾಳೆ ತಟ್ಟುತ್ತಿತ್ತು.

ಮಕ್ತುಮಸಾಬ ಬರೆದುಕೊಂಡ ಮಾತನ್ನೂ, ಆಮೇಲೆ ಪತ್ರಿಕೆಯಲ್ಲಿ ಬಂದ ವರದಿಯನ್ನೂ ಸೇರಿಸಿ ಹೊಸ ಸರಕಾರಕ್ಕೆ ಅರ್ಜಿ ಹೋಯಿತು. ಈ ಸಲ ಉತ್ತರ ಬಂತು. ವಿಚಾರಣೆಗೆ ಹಾಜರಾಗಬೇಕು ಎಂದಿತ್ತು.

*

ಮೂರು ದಿನ ವಿಚಾರಣೆಯ ಕಚೇರಿಯ ಹೊರಗೆ ಕಾಯಿಸಿದರು, ಚಪ್ಪಲಿ ಬಿಡುವ ಜಾಗದಲ್ಲಿ. ಮೂರನೇ ದಿನ ಮಧ್ಯಾಹ್ನ ಒಳಗೆ ಕರೆದರು. ವಿಚಾರಣೆಯ ಸಾಹೇಬ ಈಗ ಬಿಳಿಯನಲ್ಲ. ಖಾದಿ ಕೋಟು ಹಾಕಿದ್ದ, ಕನ್ನಡ ಮಾತಾಡುತ್ತಿದ್ದ. ಮೇಜಿನ ಈಚೆಗೆ ಒಂದು ಕುರ್ಚಿ ಖಾಲಿಯಿತ್ತು. ಕೂಡೆಂದು ಹೇಳಲಿಲ್ಲ. ಮಾರೆಪ್ಪ ಎಳೆದುಕೊಂಡು ಕುಳಿತ. ಬಾಗಿಲ ಶಿಪಾಯಿ ಒಂದು ಹೆಜ್ಜೆ ಮುಂದೆ ಬಂದ. ಸಾಹೇಬ ಬೇಡವೆಂದು ಕೈ ಮಾಡಿದ.

"ನಿಮಗ ಅನ್ಯಾಯ ಆಗೈತಿ ಮಾರೆಪ್ಪ. ಸರಕಾರ ಅದನ್ನ ಒಪ್ಪತೈತಿ," ಎಂದ ಸಾಹೇಬ. "ವಜಾ ರದ್ದು ಮಾಡಾಕ ನಾನು ಶಿಫಾರಸು ಬರೀತೇನಿ. ಫೌಜದಾರಕಿ ತಿರುಗಿ ಸಿಗತೈತಿ. ನಿವೃತ್ತಿ ಆದ ಮ್ಯಾಲೆ ಪೆನ್ಶನ್ನೂ ಸಿಗತೈತಿ."

ಇಷ್ಟು ಸುಲಭವಾಗಿ ಏನೂ ಬರುವುದಿಲ್ಲವೆಂದು ಮಾರೆಪ್ಪನ ಬೆನ್ನಿಗೆ ಗೊತ್ತಿತ್ತು.

"ಒಂದ ಮಾತು. ಅರ್ಜ್ಯಾಗ ಲಕ್ಷ್ಮಪ್ಪಂದು, ಇನಾಮು ಹೊಲದ್ದು ಏನ್ ಬರದೀರಿ, ಅದನ್ನ ವಾಪಸ್ ತಗೋರಿ. ಚಾವಡಿ ಸುಟ್ಟದ್ದು ದೇಶಕ್ಕಾಗಿ. ಅದನ್ನ ಹೊಲದ ಜಗಳ ಮಾಡಬ್ಯಾಡ್ರಿ. ಗೌಡರು ಈಗ ತಾಲೂಕಿನ ಮುಖಂಡರು."

"ಸುಟ್ಟಾಂವ ಪರ್ವತಗೌಡ ಅಂದ್ರ, ಈ ಮೂವರು ಯಾಕ ಜೈಲಿಗೆ ಹೋದ್ರು ಅಂತ ಬರೀತೀರಿ ಸಾಹೇಬ್ರ?"

"ಗದ್ದಲದಾಗ ಲೂಟಿ ಮಾಡಾಕ ಬಂದಿದ್ರು ಅಂತ ಬರದ್ರಾತು. ಸಜಾ ಹೆಂಗೂ ಮುಗದೈತಿ. ಸತ್ತಾಂವ ತಿರುಗಿ ಬರೂದಿಲ್ಲ."

"ಬೆಂಕಿ ಹಚ್ಚಿದಾಂವಗ ಹಾರ ಹಾಕೀರಿ. ಹಚ್ಚದಾಂವ ಜೈಲಿನ್ಯಾಗ ಸತ್ತಾನ. ಸತ್ತ ಮ್ಯಾಲೆ ಅವನ್ನ ಕಳ್ಳನ್ನೂ ಮಾಡಬೇಕೇನ್ರಿ?"

ಸಾಹೇಬನ ದನಿ ಬದಲಾಯಿತು. "ನೀವು ಬಿಳೇರ ಚಾಕರಿ ಮಾಡಿದವರು. ಹಿರೇಕೆರೂರಾಗ ರೈತರಿಗೆ ಲಾಠಿ ಬೀಸಿದ್ದು ನಮ್ಮ ಕಾಗದದಾಗ ಐತಿ. ಅದನ್ನೂ ಬಿಟ್ಟು ಉಪಕಾರ ಮಾಡಾಕತ್ತೇನಿ."

"ಹೌದ್ರಿ, ಬೀಸೇನಿ. ಅದು ತಪ್ಪು. ಅದಕ್ಕ ವಜಾ ಮಾಡ್ರಿ, ತಲಿ ಬಗ್ಗಸ್ತೇನಿ. ಆದರ ಅದಕ್ಕ ಯಾರೂ ನನ್ನ ವಜಾ ಮಾಡಿಲ್ಲ. ಅದಕ್ಕ ಬಡ್ತಿ ಕೊಟ್ರು. ಸುಳ್ಳು ಬರಿಯೂದಿಲ್ಲ ಅಂದಿದ್ದಕ್ಕ ವಜಾ ಮಾಡಿದ್ರು. ನೀವೂ ಅದನ್ನ ಕೇಳಾಕತ್ತೀರಿ."

"ಹಂಗಾರ ಬ್ಯಾಡೇನು?"

ಮಾರೆಪ್ಪ ಎದ್ದ. "ಬ್ಯಾಡ್ರಿ," ಎಂದ.

ಹೊರಗೆ ಹುಣಸೆ ಮರದ ಕೆಳಗೆ ಉಡಚವ್ವ, ಶೇಖವ್ವ ಕುಳಿತಿದ್ದರು. ಉಡಚವ್ವ ಅವನ ಮುಖ ನೋಡಿ ಎದ್ದಳು.

"ಇಲ್ಲ ಅಂದ್ರೇನ್ರಿ?"

"ನಾನ ಇಲ್ಲ ಅಂದ್ನಿ."

ಏನು ಕೇಳಿದರು, ಏನು ಹೇಳಿದೆ ಎಂದು ಅವನು ನಿಂತಲ್ಲೇ ಹೇಳಿದ. ನಾಲ್ಕು ವರ್ಷ ಜಲ್ಲಿ ಒಡೆದ ತನ್ನ ಕೈಗಳನ್ನು ಉಡಚವ್ವ ತಿರುಗಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಅವಳು ಸೀರೆಯ ಧೂಳು ಜಾಡಿಸಿದಳು.

"ನಡೀರಿ ಮತ್ತ. ಇಲ್ಲಿ ಏನೈತಿ?"

*

ಚಾವಡಿಯಲ್ಲಿ ಸುಟ್ಟದ್ದು ಒಂದು ಪ್ರತಿ. ಇನಾಮು ಹೊಲದ ಇನ್ನೊಂದು ಪ್ರತಿ ಮೇಲಿನ ಕಚೇರಿಯ ಕಪಾಟಿನಲ್ಲಿ ಇತ್ತು. ಗೌಡನಿಗೆ ಅದು ಹೊಳೆದಿರಲಿಲ್ಲ. ಮಕ್ತುಮಸಾಬ ಅದರ ನಕಲು ತೆಗೆಸಿದ. ಹನ್ನೊಂದು ಎಕರೆ, ಕೇರಿಯವರ ಹೆಸರು, ಎಲ್ಲ ಅದರಲ್ಲಿತ್ತು. ಕೇರಿಯವರು ದಾವೆ ಹಾಕಿದರು. ತಾರೀಖಿನ ಮೇಲೆ ತಾರೀಖು ಬಿದ್ದವು. ನಲವತ್ತೇಳರ ಮೇ ಕೊನೆಗೆ ಮೊದಲ ಮಳೆ ಬಂತು. ನೆಲ ಹದವಾಯಿತು.

"ಕೋರ್ಟಿಗೆ ಹದ ಗೊತ್ತಿಲ್ಲ," ಎಂದಳು ಶೇಖವ್ವ. "ಬಿತ್ತೋಣ."

ಆ ಸೀಮೆಯಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುತ್ತಾರೆ. ಕೂರಿಗೆಗೆ ಎತ್ತು ಬೇಕು. ಕೇರಿಯಲ್ಲಿ ಎತ್ತಿರಲಿಲ್ಲ. ಕೇಳಿದರೆ ಊರಲ್ಲಿ ಯಾರೂ ಕೊಡಲಿಲ್ಲ. ಮಾರೆಪ್ಪ, ಉಡಚವ್ವ ಹಿಂದಿನ ದಿನವೇ ಹುಣಸೀಕೊಪ್ಪಕ್ಕೆ ಬಂದಿದ್ದರು. ಮುಂಜಾನೆ ಕೇರಿಯ ಮಂದಿ ತಾವೇ ನೊಗಕ್ಕೆ ಹೆಗಲು ಕೊಟ್ಟರು. ಒಂದು ಕಡೆ ಮಾರೆಪ್ಪ, ಗುಡ್ಡಪ್ಪ. ಇನ್ನೊಂದು ಕಡೆ ಫಕ್ಕೀರಪ್ಪ, ಉಡಚವ್ವ. ಶೇಖವ್ವ ಹಿಂದಿನಿಂದ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ಬಂದಳು. ಮಾರೆಪ್ಪನಿಗೆ ಬಿತ್ತಿ ಗೊತ್ತಿರಲಿಲ್ಲ. ಐವತ್ತರ ಹತ್ತಿರದ ವಯಸ್ಸಿಗೆ ಮೊದಲ ಸಲ ತಮ್ಮವರ ನೆಲದಲ್ಲಿ ಕಾಲಿಟ್ಟಿದ್ದ. ನೊಗ ಹೆಗಲನ್ನು ತಿಂದಿತು. ಹಸಿ ಮಣ್ಣು ಪಾದ ಹಿಡಿದು ಎಳೆಯಿತು. ಉಸಿರು ಬಾಯಿಂದ ಬರತೊಡಗಿತು.

"ನೆಟ್ಟಗ ಎಳೀರಿ," ಎಂದು ಹಿಂದಿನಿಂದ ಶೇಖವ್ವ ಗದರಿದಳು. "ಎಡಕ್ಕ ಹೊಂಟೀರಿ."

ಆರನೇ ಸಾಲಿಗೆ ಗೌಡನ ಮಂದಿ ಬಂದರು. ಹತ್ತು ಹನ್ನೆರಡು ಬಡಿಗೆ. ದ್ಯಾಮನಗೌಡ ಒಡ್ಡಿನ ಮೇಲೆ ನಿಂತ. ತಲೆಯ ಮೇಲೆ ಬಿಳಿ ಟೊಪ್ಪಿಗೆ.

"ಮಾರ್ಯಾ, ಹೊರಗ ಬಾ."

ನೊಗ ನಿಲ್ಲಲಿಲ್ಲ.

"ಹೊಲಸು ಕಾಲು ಹೊರಗ ತಗೀರಿ ಅಂದ್ನಿ."

ನೊಗ ನಿಲ್ಲಲಿಲ್ಲ. ಪರ್ವತಗೌಡ ಇಳಿದು ಬಂದು ಮಾರೆಪ್ಪನ ಭುಜಕ್ಕೆ ಬಡಿಗೆ ಬೀಸಿದ. ಎಲುಬು ಲಟಕ್ ಎಂದದ್ದು ಉಡಚವ್ವನಿಗೆ ಕೇಳಿತು. ಮಾರೆಪ್ಪ ಮುಗ್ಗರಿಸಿದ. ಬೀಳಲಿಲ್ಲ. ನೊಗವನ್ನು ಇನ್ನೊಂದು ಹೆಗಲಿಗೆ ಸರಿಸಿಕೊಂಡ. ಎರಡನೇ ಪೆಟ್ಟು ಗುಡ್ಡಪ್ಪನ ತಲೆಗೆ ಬಿತ್ತು. ಅವನು ಕುಸಿದು ಕುಳಿತ. ಕೇರಿಯ ಇನ್ನೊಬ್ಬ ಓಡಿ ಬಂದು ಅವನ ಜಾಗಕ್ಕೆ ನಿಂತ. ಮೂರನೆಯ ಪೆಟ್ಟು ಬೀಸುವವನ ಮುಂದೆ ಶೇಖವ್ವ ಬೀಜದ ಪುಟ್ಟಿ ಹಿಡಿದು ನಿಂತಳು. ಹಿಂದೆ ಸರಿಯಲಿಲ್ಲ. ಪರ್ವತಗೌಡನ ಕೈ ಮೇಲೆಯೇ ನಿಂತಿತು. ಅಷ್ಟರಲ್ಲಿ ಕೇರಿಯ ಉಳಿದವರೆಲ್ಲ ಹೊಲಕ್ಕೆ ಇಳಿದಿದ್ದರು. ನಲವತ್ತು ಮಂದಿ. ಯಾರ ಕೈಯಲ್ಲೂ ಏನೂ ಇರಲಿಲ್ಲ. ಸುಮ್ಮನೆ ಬಂದು ಸಾಲಿನ ಎರಡೂ ಬದಿಗೆ ನಿಂತರು.

ಕೂರಿಗೆ ಹೊಲದ ಕೊನೆ ಮುಟ್ಟಿತು. ಹೊರಳಿತು.

ಪೊಲೀಸರು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಷ್ಟರಲ್ಲಿ ನಾಲ್ಕು ಎಕರೆ ಬಿತ್ತಿ ಮುಗಿದಿತ್ತು. ಅತಿಕ್ರಮಣದ ಗುನ್ಹೆ ಹಾಕಿ ಹದಿನೆಂಟು ಗಂಡಸರನ್ನು ಹಿಡಿದರು. ಬಡಿಗೆ ಹಿಡಿದು ಬಂದವರನ್ನು ಹಿಡಿಯಲಿಲ್ಲ. ಮಾರೆಪ್ಪನ ಮುರಿದ ಭುಜಕ್ಕೆ ಉಡಚವ್ವ ಸೆರಗು ಹರಿದು ಕಟ್ಟಿದಳು. ಉಳಿದ ಏಳು ಎಕರೆಯನ್ನು ಹೆಂಗಸರು ಮೂರು ದಿನದಲ್ಲಿ ಬಿತ್ತಿದರು. ಹಗಲೂ ರಾತ್ರಿ ಒಡ್ಡಿನ ಮೇಲೆ ಕುಳಿತು ಕಾದರು. ಗೌಡ ಎರಡು ಸಲ ಆ ಹೊಲಕ್ಕೆ ದನ ಹೊಡೆಸಿದ. ಎರಡು ಸಲವೂ ಅವರು ತಿರುಗಿ ಅಟ್ಟಿದರು.

ಅರ್ಜಿ ತಿರಸ್ಕಾರವಾದ ಕಾಗದ ಮಾರೆಪ್ಪ ಜೈಲಿನಲ್ಲಿದ್ದಾಗ ಹಿರೇಬೆಂಡಿಗೇರಿಗೆ ಬಂತು. ಫೌಜದಾರಕಿ ಅವನಿಗೆ ಕೊನೆಗೂ ಸಿಗಲಿಲ್ಲ. ಲಕ್ಷ್ಮಪ್ಪನ ಹೆಸರಿನ ಮೇಲಿನ ಗುನ್ಹೆ ಸರಕಾರದ ಕಾಗದದಲ್ಲಿ ಹಾಗೆಯೇ ಉಳಿಯಿತು. ಹೊಲದ ದಾವೆ ನಡೆಯುತ್ತಲೇ ಇತ್ತು.

ಜುಲೈನಲ್ಲಿ ಒಂದು ದಿನ ಶೇಖವ್ವ ಜೈಲಿಗೆ ಬಂದಳು. ಸಣ್ಣ ಮಳೆ ಹಿಡಿದಿತ್ತು. ಸೀರೆ ಒದ್ದೆಯಾಗಿತ್ತು, ಕಾಲಿಗೆ ಕೆಸರು ಮೆತ್ತಿತ್ತು. ಸಲಾಕೆಯ ಆಚೆ ಮಾರೆಪ್ಪ ಎದ್ದು ಬಂದ. ಎಡ ಭುಜ ಇಳಿಬಿದ್ದಿತ್ತು.

"ಹುಟ್ಟೈತೇನವಾ?"

"ಹುಟ್ಟೈತ್ರಿ. ಗೇಣುದ್ದ ಆಗೈತಿ."

"ಎಲ್ಲಾ?"

"ಎಲ್ಲಾ. ನೀವು ಎಳೆದ ಸಾಲು ಸೊಟ್ಟ ಅದಾವು. ದಾರ್ಯಾಗ ಹೋಗವ್ರು ನಿಂತು ನಗತಾರ."

ಮಾರೆಪ್ಪನಿಗೂ ನಗು ಬಂತು. ಭುಜ ನೋಯಿತು, ನಿಲ್ಲಿಸಿದ. ಶಿಪಾಯಿ ಹೊತ್ತಾಯಿತೆಂದು ಕೂಗಿದ. ಶೇಖವ್ವ ಹೊರಟವಳು ತಿರುಗಿ ನಿಂತಳು.

"ಕಸ ಭಾಳ ಬಂದೈತ್ರಿ. ಕಳೆ ತಗ್ಯಾಕ ಕೈ ಸಾಲವಲ್ವು," ಎಂದಳು. "ಲಗೂನ ಬರ್ರಿ."